ಬೆಚ್ಚಗಿನ ಬಾನೆಟ್

ಇಸ್ತ್ರಿ ಅಂಗಡಿಯ ಅಕ್ಕ ನೆರಳಲ್ಲಿ ನಿಂತಿದ್ದ ಕೆಂಪು ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟವಳು ತೆಗೆಯಲೇ ಇಲ್ಲ. "ನಿನ್ನೆಯಿಂದ ಸ್ಟಾರ್ಟೇ ಮಾಡಿಲ್ಲ ಅಂದ್ರಲ್ಲ, ಮತ್ಯಾಕೆ ಬೆಚ್ಚಗಿದೆ?"

ಹಳೇ ಕಾರುಗಳ ವ್ಯಾಪಾರಿ ತಬ್ಬಿಬ್ಬಾದ. ಅಕ್ಕನಿಗೆ ಕಾರಿನ ಬಗ್ಗೆ ಏನು ಗೊತ್ತು ಎಂದು ಅಲ್ಲಿಯವರೆಗೆ ನಗುತ್ತಿದ್ದ, ಜೊತೆಗೆ ಬಂದಿದ್ದ ತಮ್ಮ ತಾನೂ ಬಾನೆಟ್ ಮುಟ್ಟಿ ನೋಡಿದ.

"ತಣ್ಣಗಿದ್ರೆ ಸ್ಟಾರ್ಟ್ ಆಗಲ್ಲ ಅಂತ ಮೊದಲೇ ಕಾಯಿಸಿ ಇಟ್ಟಿದ್ದೀರಿ. ಇಪ್ಪತ್ತು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಇದು. ಟೋಪಿ ಹಾಕ್ಬೇಡಿ!"

ಮೂಲೆಯಲ್ಲಿದ್ದ, ಬಣ್ಣ ಮಾಸಿದ ಪುಟ್ಟ ಕಾರನ್ನು ಮುಟ್ಟಿದಳು. ಕೊಡದ ನೀರಿನಷ್ಟು ತಣ್ಣಗಿತ್ತು. ಒಳಗೆ ಕೂತು ಕೀಲಿ ತಿರುಗಿಸಿದಳು. ಒಂದೇ ಸಲಕ್ಕೆ ಎಂಜಿನ್ ಗುರ್ ಎಂದಿತು. "ಇದೇ ನಮ್ದು," ಎಂದಳು.

"ಇಳಿಯಕ್ಕ, ಮನೆಗೆ ನಾನು ಓಡಿಸ್ತೀನಿ," ಎಂದು ತಮ್ಮ ಕೈಚಾಚಿದ.

ಅಕ್ಕ ಸ್ಟೇರಿಂಗ್ ಬಿಡಲಿಲ್ಲ. "ನೀನು ಹಿಂದೆ ಕೂತ್ಕೊಳ್ಳೋ. ಬಟ್ಟೆ ಗಂಟುಗಳಿಗೆ ಎಷ್ಟು ಜಾಗ ಇದೆ, ನೋಡಿ ಹೇಳು."