ಕೈಗೆ ಕೊಟ್ಟ ಪಾಲು

ಮೊನ್ನೆ ನನ್ನ ತಮ್ಮ ಸಹಿಗೆಂದು ಛಾಪಾ ಕಾಗದ ಮುಂದಿಟ್ಟಾಗ ಹೊಗೆಸೊಪ್ಪಿನ ವಾಸನೆ ಬಂದಂತಾಯಿತು. ಛಾಪಾ ಕಾಗದ ಕಂಡಾಗೆಲ್ಲ ನನಗೆ ಹಾಗೆಯೇ.

ಕೊಪ್ಪದ ಪೇಟೆಯಲ್ಲಿ ಮನೆಯ ಮುಂದಿನ ಕೋಣೆಯೇ ನಮ್ಮ ಹೊಗೆಸೊಪ್ಪಿನ ಅಂಗಡಿ. ನನ್ನ ಬಾಲ್ಯದ ಮಾತು; ಅದನ್ನು ಕಟ್ಟಿದ ಅಜ್ಜ ತೀರಿಕೊಂಡು ನಲವತ್ತು ದಿನ ಕಳೆದಿತ್ತು. ಆ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಬಂದ ಅಪ್ಪ, ಅಂಗಡಿಯಲ್ಲಿ ತನಗೆ ಪಾಲು ಬೇಡವೆಂದು ತಂಗಿಯ ಹೆಸರಿನಲ್ಲಿ ಬರೆಸಿದ ಛಾಪಾ ಕಾಗದವನ್ನು ಅವಳ ಮುಂದೆ ಹರಡಿದರು. ಅವಳನ್ನು ನಾವು ಫೂಫಿ ಎನ್ನುತ್ತಿದ್ದೆವು. ಫೂಫಿ ತಲೆ ತಗ್ಗಿಸಿ ಪೆನ್ನು ಹಿಡಿದಳು.

"ನಿಲ್ಲು," ಎಂದಳು ಅಜ್ಜಿ. ಅಪ್ಪನ ಕಡೆ ತಿರುಗಿ, "ಇವಳ ಪಾಲು ಇವಳ ಕೈಗೆ ಯಾವಾಗ ಕೊಟ್ಟೆ?" ಎಂದು ಕೇಳಿದಳು.

"ಅವಳೇ ಬೇಡ ಅಂತಿದ್ದಾಳಲ್ಲಮ್ಮ."

"ಕೈಗೇ ಬಾರದ್ದನ್ನ ಬೇಡ ಅನ್ನೋದು ಹೇಗೆ ಮಾರಾಯ? ಮೊದಲು ಕೊಡು. ಒಂದು ವರ್ಷ ಕಳೀಲಿ. ಆಮೇಲೂ ಬೇಡ ಅಂದ್ರೆ ನಾನೇ ಸಹಿ ಹಾಕಿಸ್ತೇನೆ. ಇವತ್ತು ಇವಳ ಬಾಯಿ ಮುಚ್ಚಿಸಿದ್ರೆ ನಾಳೆ ಇವಳ ಮಕ್ಕಳೂ ನಿನ್ನ ಮಕ್ಕಳೂ ಕೋರ್ಟಿನಲ್ಲಿ ನಿಲ್ತಾರೆ."

ಅಪ್ಪ ಅಂಗಡಿಯ ಎರಡು ಬೀಗದ ಕೈಗಳಲ್ಲಿ ಒಂದನ್ನು ಬಿಚ್ಚಿ ಮೇಜಿನ ಮೇಲಿಟ್ಟರು.

"ಕೈಗೆ ಕೊಡು," ಎಂದಳು ಅಜ್ಜಿ.

ಕೊಟ್ಟರು. ಫೂಫಿಯ ಮುಷ್ಟಿ ಮೆಲ್ಲಗೆ ಮುಚ್ಚಿಕೊಂಡಿತು.

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಹೊಗೆಸೊಪ್ಪು ಕೇಳಿದ. ಅಪ್ಪ ಏಳುವ ಮೊದಲೇ ಫೂಫಿ ತಕ್ಕಡಿಯ ಮುಂದೆ ಕೂತಿದ್ದಳು. ಸೊಪ್ಪು ತೂಗಿದಳು, ಸಹಿಯಿಲ್ಲದ ಆ ಛಾಪಾ ಕಾಗದವನ್ನು ಎಳೆದುಕೊಂಡಳು, ಅದರಲ್ಲೇ ಬಿಗಿಯಾಗಿ ಪೊಟ್ಟಣ ಕಟ್ಟಿ ಅವನ ಕೈಗಿಟ್ಟಳು.