ಬದಲಿ ಆಟಗಾರರ ಆಯ್ಕೆ

ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕಡಿಮೆ ಸಂಬಳಕ್ಕೆ ಬರುವ ಇಬ್ಬರು ಎತ್ತರದ ಬದಲಿ ಆಟಗಾರರು ಬೇಕಾಗಿದ್ದರು. ಆಯ್ಕೆಗೆ ಬಂದವರು ಬುಟ್ಟಿಯ ಕೆಳಗೆ ತಂಡದ ಹಿರಿಯ ಆಟಗಾರ ಮುದ್ದಯ್ಯನ ಎದುರು ಆಡಿ ತೋರಿಸಬೇಕೆಂಬುದು ಅಲ್ಲಿಯ ಹಳೆಯ ರೂಢಿ. ಬಹಳ ವರ್ಷಗಳಿಂದ ಆ ಜಾಗ ಅವನದು. ಕಾಲಲ್ಲಿ ಶಕ್ತಿ ಇರುವತನಕ ಅಲ್ಲೇ ನಿಲ್ಲಿಸು ದೇವರೇ ಎಂದು ದಿನವೂ ಬೇಡಿಕೊಳ್ಳುತ್ತಿದ್ದ.

ಆ ಬೆಳಿಗ್ಗೆ ಅವನು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಾಗ ತರಬೇತುದಾರ ರುದ್ರಪ್ಪ ಹತ್ತಿರ ಬಂದ. ಇಬ್ಬರೂ ಜೊತೆಯಲ್ಲೇ ಆಡಿ ಬೆಳೆದವರು.

“ಇವತ್ತು ಸ್ವಲ್ಪ ಮೆತ್ತಗೆ ಆಡೋ. ಹೋದ ಸಲ ನಿನ್ನ ಮೊಣಕೈಗೆ ಹೆದರಿ ಒಬ್ಬನೂ ಉಳಿಯಲಿಲ್ಲ.”

“ಅಷ್ಟೂ ತಡೆಯದವರು ತಂಡಕ್ಕೆ ಯಾಕೆ?”

“ಈ ಸಂಬಳಕ್ಕೆ ಭೀಮ ಬರ್ತಾನೇನೋ? ನೀನು ನೀರು ಕುಡಿದು ಬರೋತನಕ ಅವರು ನಿಂತಿದ್ದರೆ ಸಾಕು.”

“ಆಗಲಿ ಬಿಡು, ನಿನಗೋಸ್ಕರ,” ಎಂದು ಮುದ್ದಯ್ಯ ನಕ್ಕ.

ಬಂದವರಿಗೆ ಅವನು ದಾರಿ ಬಿಟ್ಟುಕೊಟ್ಟ. ಒಬ್ಬ ಅವನ ತಲೆಯ ಮೇಲಿಂದಲೇ ಚೆಂಡು ಹಾಕಿದ. ಇನ್ನೊಬ್ಬ ತಳ್ಳಿದಾಗ ಮುದ್ದಯ್ಯ ಬೇಕೆಂದೇ ಬಿದ್ದು, ಎದ್ದು ಅವನ ಬೆನ್ನು ತಟ್ಟಿದ.

ನೋಡುತ್ತ ಕುಳಿತಿದ್ದ ಕ್ಲಬ್ಬಿನ ಅಧ್ಯಕ್ಷರು ಇಳಿದು ಬಂದು, “ಇಬ್ಬರನ್ನೂ ತಗೊಳ್ಳಿ ರುದ್ರಪ್ಪ,” ಎಂದರು. ಆಮೇಲೆ ಮುದ್ದಯ್ಯನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟರು.

“ನಿಮ್ಮ ಕೈಲಿ ಇನ್ನು ಆಗಲ್ಲ, ತಂಡದಿಂದ ಬಿಟ್ಟುಬಿಡೋಣ ಅಂತ ರುದ್ರಪ್ಪ ಹೇಳ್ತಾನೇ ಇದ್ದರು, ಕಣ್ಣಾರೆ ನೋಡದೆ ಒಪ್ಪಲ್ಲ ಅಂದಿದ್ದವನು ನಾನೇ.”