ಹಿತ್ತಲಿನ ಮೂವತ್ತೊಂದು ಜೋಡಿ

"ಏಳು," ಎಂದಳು ವೆರ್ನಾ, ಕೊನೆಯ ಸೋರೆಬುರುಡೆಯಿಂದ ಕೈ ಹೊರತೆಗೆಯುತ್ತ. "ಏಳೇ ಜೋಡಿ ಹಕ್ಕಿ, ಭಾವ."

ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಒಡೆಲ್ ಹುಬ್ಬು ಗಂಟಿಕ್ಕಿದ. "ನಿನಗೆ ಎಣಿಸೋಕೆ ಬರಲ್ಲ. ಹೋದ ವರ್ಷ ಮೂವತ್ತೊಂದು ಜೋಡಿ ಇದ್ವು, ಬೇಕಾದ್ರೆ ನಿಮ್ಮಕ್ಕನ್ನ ಕೇಳು. ನೀನು ತಂದಿದೀಯಲ್ಲ, ಆ ದರಿದ್ರ ಬೆಕ್ಕು! ಅದನ್ನ ನೋಡಿ ಓಡಿಹೋಗಿರ್ಬೇಕು."

"ನನ್ ಬೆಕ್ಕನ್ನ ಸೋಫಾ ಮೇಲೆ ಕೂರಿಸೋಕೂ ನಾನೇ ಎತ್ಬೇಕು. ಅದು ಹೋಗಿ ಕಂಬ ಹತ್ತುತ್ತಾ?"

ಅಕ್ಕ ಅರ್ನೆಸ್ಟೀನ್ ಮಂಡಿ ಆಪರೇಷನ್‌ಗೆಂದು ಮಾಂಟ್ಗೊಮರಿಯ ಆಸ್ಪತ್ರೆ ಸೇರಿ ಐದು ದಿನವಾಗಿತ್ತು. ಕಣ್ಣು ಕಾಣದ ಭಾವನಿಗೆ ಹೊತ್ತುಹೊತ್ತಿಗೆ ಊಟ, ಮಾತ್ರೆ ಕೊಟ್ಟರೆ ಮುಗಿಯಿತು ಎಂದುಕೊಂಡು ವೆರ್ನಾ ಬಂದಿದ್ದಳು. ಇಲ್ಲಿ ನೋಡಿದರೆ ಹಿತ್ತಲಿನ ಕಂಬಕ್ಕೆ ತೂಗಿಬಿಟ್ಟ ಸೋರೆಬುರುಡೆಗಳಲ್ಲಿ ಗೂಡು ಕಟ್ಟುವ ಮಾರ್ಟಿನ್ ಹಕ್ಕಿಗಳ ಬಾಣಂತನವೂ ಅವಳ ಕೊರಳಿಗೇ ಬಿದ್ದಿತ್ತು. ವಾರಕ್ಕೊಮ್ಮೆ ರಾಟೆ ತಿರುಗಿಸಿ ಕಂಬದ ಮೂವತ್ತಾರು ಬುರುಡೆಗಳನ್ನು ಕೆಳಗಿಳಿಸಬೇಕು, ಒಂದೊಂದರಲ್ಲೂ ಗೂಡು, ಮೊಟ್ಟೆ, ಮರಿ ಎಣಿಸಬೇಕು, ಮತ್ತೆ ಮೇಲೇರಿಸಬೇಕು. ಒಡೆಲ್‌ನ ತಾತನ ಕಾಲದಿಂದ ನಡೆದು ಬಂದ ಪದ್ಧತಿ, ತಪ್ಪಿಸುವಂತಿಲ್ಲ.

"ಅವಳು ಹೋದಾಗಿಂದ ಬೆಳಗ್ಗೆ ಹಾಡೇ ಇಲ್ಲ, ವೆರ್ನಾ," ಒಡೆಲ್‌ನ ದನಿ ಇಳಿಯಿತು. "ಹೋದ ವಾರದವರೆಗೂ ಕಿವಿ ತೂತಾಗೋ ಹಾಗೆ ಹಾಡ್ತಿದ್ವು. ಒಂದೇ ದಿನಕ್ಕೆ ಅಷ್ಟೂ ಎಲ್ಲಿ ಹೋದ್ವು?"

ವೆರ್ನಾಗೆ ತಲೆಬುಡ ತಿಳಿಯಲಿಲ್ಲ. ಹೋದ ವಾರ ಇದ್ದ ಹಕ್ಕಿಗಳು ಈ ವಾರ ಹೋದವೆಂದರೆ ಖಾಲಿ ಗೂಡುಗಳಾದರೂ ಉಳಿಯಬೇಕಲ್ಲ? ಉಳಿದ ಬುರುಡೆಗಳಲ್ಲಿ ಒಂದು ಒಣಗಿದ ಎಲೆಯೂ ಇರಲಿಲ್ಲ. ಹಾವು ತಿಂದಿತೆನ್ನೋಣವೆಂದರೆ ಒಂದು ಗರಿಯೂ ಬಿದ್ದಿಲ್ಲ. ನಿಜಕ್ಕೂ ತನಗೇ ಎಣಿಸಲು ಬರುವುದಿಲ್ಲವೇನೋ ಎಂದು ಸಂಶಯ ಬಂದು, ಮತ್ತೆ ಮೊದಲಿಂದ ಕೈ ಹಾಕುತ್ತ ಹೋದಳು. ಮೊದಲ ಸಲ ಖಾಲಿಯೆಂದು ಬಿಟ್ಟಿದ್ದ ಮೂಲೆಯ ಬುರುಡೆಯಲ್ಲಿ ಬೆರಳಿಗೆ ತಣ್ಣನೆಯದೇನೋ ತಗುಲಿತು. ಸಣ್ಣದೊಂದು ಸ್ಪೀಕರ್. ಅದರ ವೈರು ಕಂಬವನ್ನು ಇಳಿದು, ಕಂಬದ ಬುಡದಲ್ಲಿದ್ದ ಡ್ಯೂಕ್ ನಾಯಿಯ ಸಮಾಧಿ ಕಲ್ಲನ್ನು ಬಳಸಿ, ಹುಲ್ಲಿನೊಳಗೆ ಹರಿದು ಅಡುಗೆಮನೆಯ ಕಿಟಕಿ ಹತ್ತಿತ್ತು. ಹಿಟ್ಟಿನ ಡಬ್ಬದ ಹಿಂದೆ ಒಂದು ಪೆಟ್ಟಿಗೆ, ಅದಕ್ಕೊಂದು ಗುಂಡಿ.

ಭಾವನ ಕಿವಿಗೆ ಬೀಳದಂತೆ ಸ್ನಾನದ ಮನೆಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದಳು.

"ಬುರುಡೆಯೊಳಗೆ ಸ್ಪೀಕರ್! ಏನೇ ಅಕ್ಕ ಇದು?"

"ಅಯ್ಯೋ, ಹೇಳೋಕೇ ಮರೆತೆ! ಇವರು ಕೊನೇ ಸಲ ತಾವೇ ಎಣಿಸಿದಾಗ ಇಪ್ಪತ್ತೆಂಟಿತ್ತು. ಕಣ್ಣು ಹೋದ ಮೇಲೆ ಮೊದಲ್ನೇ ವರ್ಷ ಇಪ್ಪತ್ತಾಯ್ತು, ಆಮೇಲೆ ಹದಿಮೂರು, ಹೋದ ವರ್ಷ ಒಂಬತ್ತು. ನಾನು ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು ಅಂತ ಹೇಳ್ಕೊಂಡು ಬಂದೆ."

"ಹಕ್ಕಿ ಯಾಕೆ ಕಮ್ಮಿ ಆದ್ವು?"

"ನನಗೇನು ಗೊತ್ತು? ಅದೇ ಕಂಬ, ಅದೇ ಬುರುಡೆ. ಆ ಇಪ್ಪತ್ತೆಂಟಿದ್ದ ವರ್ಷ ಹಿತ್ತಲಲ್ಲೇ ನಿಂತು ಹಾಡು ರೆಕಾರ್ಡ್ ಮಾಡಿಟ್ಟಿದ್ದೆ. ಹಕ್ಕಿ ಕರೆಯೋಕೆ ಅಂತ್ಲೇ ಹಾಕಿದ್ದು ಕಣೇ, ಎಲ್ಲರೂ ಹಾಕ್ತಾರೆ. ಹಕ್ಕಿ ಬರ್ಲಿಲ್ಲ, ಇವರು ನಂಬಿದ್ರು. ಕಣ್ಣು ಹೋದ ಹೊಸದರಲ್ಲಿ ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ರಲ್ಲ, ನೆನಪಿದ್ಯಾ? ಆ ಹಾಡಿಗೇ ಎದ್ದು ಕೂತಿದ್ದು. ಅದೂ ಇಲ್ಲ ಅಂದ್ರೆ ಮತ್ತೆ ಹಾಸಿಗೆ ಹಿಡೀತಾರೆ. ನಾಳೆ ಬೆಳಗ್ಗೆ ಗುಂಡಿ ಒತ್ತು, ತೆಪ್ಪಗಿರು."

ವೆರ್ನಾ ಚರ್ಚ್‌ನ ಹಾಡಿನ ತಂಡದವಳು, ಸುಳ್ಳು ಅವಳಿಗೆ ಆಗುತ್ತಿರಲಿಲ್ಲ. ನಿಜ ಹೇಳಿದರೆ ಭಾವ ಹಾಸಿಗೆ ಹಿಡಿಯುತ್ತಾನೆ. ಹೇಳದಿದ್ದರೆ ಅಕ್ಕನ ನಾಟಕದಲ್ಲಿ ತಾನೂ ಪಾಲುದಾರಳು. ಯಾವುದು ಹೆಚ್ಚು ಪಾಪ ಎಂದು ಗೊತ್ತಾಗದೆ, ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿಯೇಬಿಟ್ಟಳು.

ಹಿತ್ತಲು ತುಂಬ ಕಲಕಲ ಎದ್ದಿತು. ನಿಜವಾದ ಏಳು ಜೋಡಿಗಳು ಬುರುಡೆಗಳಿಂದ ತಲೆ ಹೊರಹಾಕಿ, ಇಷ್ಟೊಂದು ನೆಂಟರು ಎಲ್ಲಿ ಬಂದಿಳಿದರೆಂದು ಅತ್ತಿತ್ತ ನೋಡಿದವು. ಒಡೆಲ್ ಗೋಡೆ ಸವರುತ್ತ ಬಂದು ಕುರ್ಚಿಯಲ್ಲಿ ಕೂತ. ಅವನ ಮುಖದಲ್ಲಿ ಐದು ದಿನದಿಂದ ಇಲ್ಲದ ಕಳೆಯಿತ್ತು.

ವೆರ್ನಾ ಕಾಫಿ ಹಿಡಿದು ಬಂದಳು. "ನಿನ್ನೆ ನಾನೇ ತಪ್ಪು ಎಣಿಸಿದ್ದೆ, ಭಾವ. ಮೂವತ್ತೆರಡು ಜೋಡಿ ಇವೆ."

ಅಷ್ಟರಲ್ಲಿ ಹಾಡಿನ ನಡುವೆ ನಾಯಿಯೊಂದು ಬೊಗಳಿತು. ಎರಡು ಸಲ, ಗಡಸಾಗಿ, ಕಂಬದ ಕಡೆಯಿಂದಲೇ. ವೆರ್ನಾ ಕಂಬದತ್ತ ತಿರುಗಿದಳು. ಆ ಬೊಗಳು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಹಳೇ ರೆಕಾರ್ಡಿನಲ್ಲಿ ಹಾಡಿನ ಜೊತೆ ಅದೂ ಸೇರಿಹೋಗಿತ್ತು. ಡ್ಯೂಕ್ ಸತ್ತು ಮೂರು ವರ್ಷ ಕಳೆದಿತ್ತು, ಕಲ್ಲು ಅವಳ ಕಣ್ಣೆದುರೇ ಇತ್ತು. ಒಡೆಲ್‌ನ ಬಲಗೈ ಕುರ್ಚಿಯ ಪಕ್ಕ ಮೆಲ್ಲನೆ ಇಳಿದು, ನಾಯಿಯೊಂದು ಕೂರುವಷ್ಟು ಎತ್ತರದಲ್ಲಿ ಗಾಳಿಯನ್ನು ಸವರಿತು.

"ಭಾವ, ನಿಮಗೆ... ಮೊದಲಿಂದ ಗೊತ್ತಿತ್ತಾ?"

"ಅರ್ನೆಸ್ಟೀನ್‌ಗೆ ಹೇಳ್ಬೇಡ. ಅವಳ ಪಾಲಿಗೆ ಮೂವತ್ತೆರಡೇ ಇರ್ಲಿ." ಒಡೆಲ್ ಕಾಫಿಗೆ ಕೈ ಚಾಚಿದ. "ನಿನ್ನೆ ನೀನು ಏಳು ಅಂದ್ಯಲ್ಲ?"

"ಹೂಂ."

"ಎಂಟು ಅಂತ ಬರ್ಕೋ. ಡ್ಯೂಕ್‌ನ ಬಿಟ್ಟಿದೀಯ."